ಪ್ರತಿವಾದ ಪತ್ರದಲ್ಲಿ ತಪ್ಪು: ತಿದ್ದಲು ಹೊತ್ತು ಎಷ್ಟು?



ಚೆನ್ನೈನ ವೆಸ್ಟ್ ಮಾಂಬಲಂನಲ್ಲಿರುವ ಕನ್ನಡದ ಮನೆಯೊಂದಕ್ಕೆ ಸಿಟಿ ಸಿವಿಲ್ ಕೋರ್ಟಿನಿಂದ ಸಮನ್ಸ್ ಬಂತು ಎಂದಿಟ್ಟುಕೊಳ್ಳಿ. ಪ್ರಾಮಿಸರಿ ನೋಟಿನ ಮೇಲೆ ಕೊಟ್ಟ ಮೂರು ಲಕ್ಷ ರೂಪಾಯಿ ಬಾಕಿ ಇದೆ, ಬಡ್ಡಿ ಸಮೇತ ಕೊಡಿಸಿ ಎಂಬ ದಾವೆ. ಕಾಗದಗಳೆಲ್ಲ ಇಂಗ್ಲಿಷಿನಲ್ಲೋ ತಮಿಳಿನಲ್ಲೋ ಇವೆ. ಮನೆಯ ಯಜಮಾನರು ಆ ಕೋರ್ಟ್ ಇರುವ ಹೈಕೋರ್ಟ್ ಆವರಣಕ್ಕೆ ಹೋಗಿ ವಕಾಲತ್ತಿಗೆ ಸಹಿ ಹಾಕುತ್ತಾರೆ. ವಕೀಲರು ಟೈಪ್ ಮಾಡಿಸಿದ ಪ್ರತಿವಾದ ಪತ್ರಕ್ಕೂ ಓದದೆಯೇ ಹಾಕುತ್ತಾರೆ. ಅದು ಕೋರ್ಟಿಗೆ ಸಲ್ಲಿಕೆಯಾದ ಮೇಲೆ ಮಗಳು ಪ್ರತಿ ಓದಿದಾಗ ಎರಡು ಎಡವಟ್ಟು ಕಾಣುತ್ತವೆ. ಒಂದು ಲಕ್ಷ ಹಿಂದಿರುಗಿಸಿದ ತಾರೀಖು ತಪ್ಪಾಗಿದೆ. ವಾದಪತ್ರದಲ್ಲಿ ಬಡ್ಡಿಯ ವಿಷಯವಿದ್ದ ಏಳನೇ ಪ್ಯಾರಾಕ್ಕೆ ಉತ್ತರವೇ ಇಲ್ಲ.

ಇವೆರಡರಲ್ಲಿ ಹೆಚ್ಚು ಅಪಾಯದ್ದು ಎರಡನೆಯದು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 8ನೇ ಆದೇಶದ 5ನೇ ನಿಯಮದಂತೆ, ಸ್ಪಷ್ಟವಾಗಿ ಅಲ್ಲಗಳೆಯದ ಸಂಗತಿಯನ್ನು ಒಪ್ಪಿಕೊಂಡಂತೆಯೇ ಲೆಕ್ಕ. ಹಾರಿಕೆಯ ಉತ್ತರವೂ ನಡೆಯದು. ‘ಇಷ್ಟು ಹಣ ಪಡೆದಿಲ್ಲ’ ಎಂದರೆ ಸಾಲದು. ಅದರ ಯಾವ ಭಾಗವನ್ನೂ ಪಡೆದಿಲ್ಲ ಎನ್ನಬೇಕು, ಇಲ್ಲವೇ ಪಡೆದದ್ದೆಷ್ಟು ಎಂದು ಹೇಳಬೇಕು.

ಹಾಗಾದರೆ ದಾರಿ? ಅದೇ ಸಂಹಿತೆಯ 6ನೇ ಆದೇಶದ 17ನೇ ನಿಯಮ. ಕೋರ್ಟಿನಲ್ಲಿ ‘ಐಎ’ ಎಂದು ಕರೆಯುವ ಮಧ್ಯಂತರ ಅರ್ಜಿಯನ್ನು ಪ್ರತಿವಾದಿ ಹಾಕಬೇಕು. ಯಾವ ಪ್ಯಾರಾದಲ್ಲಿ ಏನು ತಪ್ಪಿದೆ, ಅದು ಹೇಗಾಯಿತು, ಅಲ್ಲಿ ಏನು ಬರಬೇಕು ಎಂಬುದನ್ನು ಪ್ರಮಾಣಪತ್ರದಲ್ಲಿ ಬಿಡಿಸಿ ಹೇಳಬೇಕು. ಹಣ ಸಂದಾಯದ ಬ್ಯಾಂಕ್ ದಾಖಲೆ ಲಗತ್ತಿಸಿದರೆ ಒಳ್ಳೆಯದು. ವಾದಪತ್ರದ ತಿದ್ದುಪಡಿಗಿಂತ ಪ್ರತಿವಾದ ಪತ್ರದ ತಿದ್ದುಪಡಿಯ ವಿಷಯದಲ್ಲಿ ಕೋರ್ಟುಗಳು ಹೆಚ್ಚು ಉದಾರವಾಗಿವೆ. ಎದುರು ಪಕ್ಷಕ್ಕೆ ಖರ್ಚು ಕೊಡಿ ಎನ್ನಬಹುದು. ಅನುಮತಿ ಸಿಕ್ಕ ಮೇಲೂ ಕೈಕಟ್ಟಿ ಕೂರುವಂತಿಲ್ಲ: ಆದೇಶದಲ್ಲಿ ಗಡುವು ಹೇಳದಿದ್ದರೆ 14 ದಿನದೊಳಗೆ ತಿದ್ದುಪಡಿ ಮಾಡಿ ಮುಗಿಸಬೇಕು.

ಈ ಉದಾರತೆಗೂ ಮಿತಿಯಿದೆ.

ಮೋದಿ ಸ್ಪಿನ್ನಿಂಗ್ ಅಂಡ್ ವೀವಿಂಗ್ ಮಿಲ್ಸ್ ಪ್ರಕರಣದಲ್ಲಿ ಪ್ರತಿವಾದಿ ಕಂಪನಿ ಮೊದಲು ಒಪ್ಪಿಕೊಂಡಿದ್ದ ಮಾತನ್ನು ಮೂರು ವರ್ಷದ ನಂತರ ತಿದ್ದುಪಡಿಯ ನೆಪದಲ್ಲಿ ಅಳಿಸಹೊರಟಿತು. 1976ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಒಪ್ಪಲಿಲ್ಲ. 2002ರಿಂದ ಇನ್ನೊಂದು ಬಿಗಿಯೂ ಬಂದಿದೆ: ವಿಚಾರಣೆ ಶುರುವಾದ ಮೇಲೆ ತಿದ್ದಬೇಕಾದರೆ, ತಕ್ಕ ಎಚ್ಚರ ವಹಿಸಿದ್ದರೂ ಆ ವಿಷಯ ಮೊದಲೇ ಎತ್ತಲಾಗಲಿಲ್ಲ ಎಂದು ಕೋರ್ಟಿಗೆ ಮನವರಿಕೆಯಾಗಬೇಕು. ಕರ್ನಾಟಕದ ಒಂದು ದಾವೆಯಲ್ಲಿ ಸಾಕ್ಷ್ಯದ ಪ್ರಮಾಣಪತ್ರ ಸಲ್ಲಿಕೆಯಾದ ನಂತರ ಪ್ರತಿವಾದಿಗಳು ಅರ್ಜಿ ಹಾಕಿದ್ದರು. ಹೈಕೋರ್ಟ್ ಕೊಟ್ಟ ಅನುಮತಿಯನ್ನು 2008ರಲ್ಲಿ ಸುಪ್ರೀಂ ಕೋರ್ಟ್ ರದ್ದುಮಾಡಿತು. ನಮ್ಮ ಯಜಮಾನರು ಆ ಘಟ್ಟಕ್ಕೆ ಮೊದಲೇ ಕೋರ್ಟಿನ ಮುಂದೆ ನಿಲ್ಲಬೇಕು.

ಉತ್ತರವನ್ನೇ ಸಲ್ಲಿಸದವರ ಕಥೆ ಬೇರೆ. ಸಮನ್ಸ್ ಮುಟ್ಟಿದ 30 ದಿನದೊಳಗೆ ಪ್ರತಿವಾದ ಪತ್ರ ಬರಬೇಕು; ಕಾರಣ ದಾಖಲಿಸಿ ಕೋರ್ಟ್ ಅದನ್ನು 90 ದಿನದವರೆಗೆ ವಿಸ್ತರಿಸಬಹುದು. ಆಮೇಲೂ ಅವಕಾಶ ಕೊಡಬಹುದು, ಆದರೆ ತೀರಾ ಅಪರೂಪಕ್ಕೆ ಎಂದು ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ವಾಣಿಜ್ಯ ದಾವೆಯಲ್ಲಿ ಆ ರಿಯಾಯಿತಿಯೂ ಇಲ್ಲ, 120 ದಿನ ಕಳೆದರೆ ಉತ್ತರಿಸುವ ಹಕ್ಕೇ ಹೋಗುತ್ತದೆ. ಕೋರ್ಟಿಗೆ ಹಾಜರಾಗದೆ ‘ಎಕ್ಸ್‌ಪಾರ್ಟಿ’ ಆದವರು, ವಿಚಾರಣೆ ಇನ್ನೂ ನಡೆಯುತ್ತಿದ್ದರೆ, 9ನೇ ಆದೇಶದ 7ನೇ ನಿಯಮದಡಿ ಸಕಾರಣ ತೋರಿಸಿ ಒಳಗೆ ಬರಬಹುದು. ಏಕಪಕ್ಷೀಯ ಡಿಕ್ರಿಯೇ ಆಗಿಹೋದರೆ 13ನೇ ನಿಯಮ, 30 ದಿನದ ಗಡುವು. ಸಮನ್ಸ್ ಸರಿಯಾಗಿ ಜಾರಿಯಾಗದಿದ್ದರೆ ಆ ಎಣಿಕೆ ಡಿಕ್ರಿಯ ಸಂಗತಿ ತಿಳಿದ ದಿನದಿಂದ.

ಪ್ರತಿವಾದ ಪತ್ರದ ಕೊನೆಯಲ್ಲಿ, ಮೇಲಿನದೆಲ್ಲ ತನ್ನ ತಿಳಿವಳಿಕೆಯ ಮಟ್ಟಿಗೆ ನಿಜ ಎಂಬ ದೃಢೀಕರಣದ ಸಾಲಿರುತ್ತದೆ. ಸಹಿ ಬೀಳುವುದು ಅದರ ಕೆಳಗೆ. ತಮಿಳು, ಇಂಗ್ಲಿಷ್ ಬಾರದವರು ಪತ್ರವನ್ನು ಪ್ಯಾರಾ ಪ್ಯಾರಾ ಕನ್ನಡದಲ್ಲಿ ಹೇಳಿಸಿಕೊಂಡು, ವಾದಪತ್ರದ ಜೊತೆ ತಾಳೆ ನೋಡಿ, ಆಮೇಲೆ ಪೆನ್ನು ಹಿಡಿಯಿರಿ.