ಅಂಗೈಗೆ ಬಂದ ಆಜಾನ್



ಮುಂಬಯಿಯಲ್ಲಿ ನೆಲಸಿದ ಕನ್ನಡ ಮುಸಲ್ಮಾನ ಕುಟುಂಬವೊಂದರ ಹಿರಿಯನಾಗಿ ಈ ನಾಲ್ಕು ಮಾತುಗಳನ್ನು ಆಡುತ್ತಿದ್ದೇನೆ. 2025ರಲ್ಲಿ ಈ ನಗರದ ಪ್ರಾರ್ಥನಾಸ್ಥಳಗಳಿಂದ ಧ್ವನಿವರ್ಧಕಗಳನ್ನು ಇಳಿಸಲಾದಾಗ, ಕೆಲವು ಮಸೀದಿಗಳು ಮೊಬೈಲ್ ಆ್ಯಪ್ ಮೂಲಕ ಆಜಾನ್ ಕೇಳಿಸತೊಡಗಿದವು. ಕರೆ ಅಂಗೈಗೇ ಬಂದಿತು.

ಆದರೆ ಅದೇ ಸಾಧನವು ನನ್ನ ಮೊಮ್ಮಗನನ್ನು ರಾತ್ರಿ ಎರಡು ಗಂಟೆಯವರೆಗೆ ಎಚ್ಚರವಾಗಿರಿಸುತ್ತದೆ. ಸೂರ್ಯೋದಯಕ್ಕೆ ಮುನ್ನ ಸಲ್ಲಿಸಬೇಕಾದ ಫಜರ್ ನಮಾಜಿಗೆ ಫೋನು ಕರೆದರೆ, ನಿದ್ದೆಗಣ್ಣಿನ ಬೆರಳು ಅದರ ಬಾಯಿ ಮುಚ್ಚಿಸುತ್ತದೆ. ಅವನಿಗೆ ಶ್ರದ್ಧೆಯಿಲ್ಲವೆನ್ನಲಾರೆ, ಧರ್ಮೋಪದೇಶದ ತುಣುಕುಗಳನ್ನು ನನಗಿಂತ ಹೆಚ್ಚಾಗಿ ಕೇಳಿದ್ದಾನೆ. ಕೇಳಿದ್ದನ್ನೇ ಆಚರಿಸಿದಂತೆಂದು ಭಾವಿಸುವ ಭ್ರಮೆ ಹುಟ್ಟುವುದು ಇಲ್ಲಿಯೇ. ವಜೂ ಮಾಡಲು ನೀರು ಬೇಕು, ಜಮಾತಿನಲ್ಲಿ ನಿಲ್ಲಲು ಪಕ್ಕದವನ ಹೆಗಲು ಬೇಕು. ಪರದೆಯು ಇವೆರಡನ್ನೂ ಕೊಡಲಾರದು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿಯೇ ಇಂಥ ಗೀಳಿಗೆಂದು ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಿತು. ಗೀಳು ಬಲಿತಾಗ ವೈದ್ಯರ ಬಳಿ ಹೋಗಲು ಸಂಕೋಚ ಬೇಡ. ಅದಕ್ಕೂ ಮೊದಲಿನ ಹೊಣೆ ಮನೆಯದು. ನಾನು ಒಮ್ಮೆ ಫೋನನ್ನು ಕಸಿದುಕೊಂಡೆ. ಅದರೊಡನೆ ಅವನ ಮಾತನ್ನೂ ಕಳೆದುಕೊಂಡೆ. ಕಳೆದ ರಮಜಾನಿನಲ್ಲಿ ಫೋನುಗಳನ್ನು ಮನೆಯಲ್ಲಿಟ್ಟು ಇಬ್ಬರೂ ತರಾವೀಹ್ ನಮಾಜಿಗೆ ನಡೆದುಹೋದೆವು. ಮರಳುವ ದಾರಿಯಲ್ಲಿ ಅವನು ತಾನಾಗಿಯೇ ಮಾತನಾಡಿದ. ಎರಡರ ತನಕ ನಿದ್ದೆ ಬಾರದಿರಲು ಪರೀಕ್ಷೆಯ ಭಯವೂ ಕಾರಣವೆಂದ. ಅದುವರೆಗೆ ನಾನದನ್ನು ಕೇಳಿಯೇ ಇರಲಿಲ್ಲ.

ಸಂಧ್ಯಾವಂದನೆಯೋ ಭಜನೆಯೋ, ನಿಮ್ಮ ಮನೆಗಳ ಕಥೆಯೂ ಬಹುಶಃ ಇದೇ ಇದ್ದೀತು. ಮಕ್ಕಳನ್ನು ಗದರಿಸುವ ಮುನ್ನ ಅವರೊಡನೆ ನಾಲ್ಕು ಹೆಜ್ಜೆ ನಡೆಯೋಣ ಎಂದು ವಿನಂತಿಸಿ ವಿರಮಿಸುತ್ತೇನೆ.