ನುಸಿಯ ಸರಿಯಾದ ಹೆಸರು



ಕೊಡಗಿನ ಪೆಟ್ಟಿಗೆಗಳಲ್ಲಿ ಸಾಕುವ ತುಡುವೆ ಜೇನು ನಿಮಗೆ ಗೊತ್ತು. ಅದೇ ಜಾತಿಯ ಜೇನಿನ ಮೇಲೆ ಜಾವಾ ದ್ವೀಪದಲ್ಲಿ ಸಿಕ್ಕ ಪರಾವಲಂಬಿ ನುಸಿಗೆ 1904ರಲ್ಲಿ ‘ವರೋವಾ ಜಾಕೊಬ್ಸೋನಿ’ ಎಂದು ಹೆಸರಿಟ್ಟರು. ಮುಂದೆ ಯುರೋಪಿಯನ್ ಜೇನಿನ ಗೂಡುಗಳನ್ನು ನಾಶಮಾಡಿದ ನುಸಿಯೂ ಅದೇ ಎಂದು ದಶಕಗಳ ಕಾಲ ನಂಬಲಾಗಿತ್ತು.

2000ರಲ್ಲಿ ಆಸ್ಟ್ರೇಲಿಯಾದ ಆಂಡರ್ಸನ್ ಮತ್ತು ಟ್ರೂಮನ್ ನುಸಿಗಳ ಮೈಟೊಕಾಂಡ್ರಿಯದ ಡಿಎನ್‌ಎಯನ್ನೂ ಮೈಅಳತೆಯನ್ನೂ ಹೋಲಿಸಿ, ಇವು ಎರಡು ಬೇರೆ ಪ್ರಭೇದಗಳೆಂದು ತೋರಿಸಿದರು. ಹಾನಿಕಾರಕ ನುಸಿಗೆ ‘ವರೋವಾ ಡಿಸ್ಟ್ರಕ್ಟರ್’ ಎಂಬ ಹೊಸ ಹೆಸರು ಬಂತು.

ಹೆಸರಿನ ಚರ್ಚೆ ಇಷ್ಟೇಕೆ ಎನ್ನುತ್ತೀರಾ? 2008ರಲ್ಲಿ ಪಪುವಾ ನ್ಯೂಗಿನಿಯಲ್ಲಿ ನಿಜವಾದ ಜಾಕೊಬ್ಸೋನಿಯೇ ಯುರೋಪಿಯನ್ ಜೇನಿನ ಗೂಡಿನಲ್ಲಿ ಮರಿ ಮಾಡುತ್ತಿರುವುದು ಕಂಡುಬಂತು. ಎರಡನ್ನೂ ಒಂದೇ ಎಂದುಕೊಂಡಿದ್ದರೆ ಈ ಹೊಸ ಅಪಾಯ ಯಾರ ಗಮನಕ್ಕೂ ಬರುತ್ತಿರಲಿಲ್ಲ. ಆದ್ದರಿಂದ ನೋಟಕ್ಕೆ ಒಂದೇ ಎನಿಸಿದ್ದನ್ನೂ ಪರೀಕ್ಷಿಸಿ ನೋಡುವ ಅಭ್ಯಾಸ ಬೆಳೆಸಿಕೊಳ್ಳಿರಿ.