ಇಗರ್ಜಿಯಿಲ್ಲದ ಕ್ರೈಸ್ತರು

(ಪಕ್ಷದ ಭಾನುವಾರದ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)

ಸಂಗಾತಿಗಳೇ, ಅಂಗಡಿ ಮುಚ್ಚಿ ಬಂದಿರುವ ವ್ಯಾಪಾರಿ ಮಿತ್ರರೇ, ರಾತ್ರಿ ಪಾಳಿ ಮುಗಿಸಿ ನಿದ್ದೆಗೆಟ್ಟು ಬಂದಿರುವ ಗಿರಣಿ ಬಂಧುಗಳೇ,

ಜಪಾನಿಗೆ ಹೋಗಿಬಂದ ನಮ್ಮಿಂದ ಅಲ್ಲಿಯ ಯಂತ್ರ, ಕೂಲಿ, ರೈಲುಗಳ ವಿಚಾರ ಕೇಳಬೇಕೆಂದು ನಿಮಗೆ ಅನಿಸುವುದು ಸಹಜ. ಅದನ್ನು ಹಿಂದಿನ ಕೂಟಗಳಲ್ಲಿ ಹೇಳಿದ್ದೇವೆ. ಇಂದು ಹೇಳಬೇಕೆಂದಿರುವುದು ಅಲ್ಲಿಯ ಕ್ರೈಸ್ತರ ಒಂದು ಚಿಕ್ಕ ಪಂಗಡದ ವಿಚಾರ. “ಸಮಾಜವಾದಿಗಳಿಗೆ ಕ್ರೈಸ್ತರ ಗೊಡವೆ ಏಕೆ?” ಎಂದು ಯಾರಾದರೂ ಕೇಳಬಹುದು. ಕೇಳಲಿ. ಮಾತು ಮುಗಿಯುವ ಹೊತ್ತಿಗೆ ಉತ್ತರ ತಾನಾಗಿ ಸಿಗುತ್ತದೆ.

ಜಪಾನಿನಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರ ಆಸುಪಾಸು. ಆ ಒಬ್ಬರಲ್ಲಿಯೂ ಒಂದು ಸಣ್ಣ ಪಾಲು ಈ ಜನ. ಅವರನ್ನು ‘ಮುಕ್ಯೋಕಾಯ್’ ಎನ್ನುತ್ತಾರೆ. ‘ಮು’ ಎಂದರೆ ಇಲ್ಲ, ‘ಕ್ಯೋಕಾಯ್’ ಎಂದರೆ ಚರ್ಚು. ಇವರಿಗೆ ಇಗರ್ಜಿ ಇಲ್ಲ, ಪಾದ್ರಿ ಇಲ್ಲ, ಬಿಷಪ್ಪರಿಲ್ಲ. ದೀಕ್ಷಾಸ್ನಾನವಾಗದಿದ್ದರೆ ಮುಕ್ತಿಯಿಲ್ಲವೆಂಬ ಕಟ್ಟಳೆಯೂ ಇಲ್ಲ. ಹಾಗಾದರೆ ಏನಿದೆ? ಬೈಬಲ್ ಇದೆ, ಭಾನುವಾರದ ಕೂಟವಿದೆ, ಅವರವರ ಮನಸ್ಸಾಕ್ಷಿ ಇದೆ.

ಅಂಥ ಒಂದು ಕೂಟಕ್ಕೆ ಟೋಕಿಯೋ ನಗರದಲ್ಲಿ ನಾವು ಹೋಗಿದ್ದೆವು. ಬಾಡಿಗೆಯ ಕೋಣೆ. ಗೋಡೆಯ ಮೇಲೆ ಶಿಲುಬೆಯಿಲ್ಲ, ಮುಂದೆ ಪೀಠವಿಲ್ಲ. ಇಪ್ಪತ್ತು ಮಂದಿ ಇದ್ದರೇನೋ. ಹೆಚ್ಚಿನವರು ತಲೆ ನರೆತವರು. ಒಂದು ಹಾಡು, ಒಂದು ಪ್ರಾರ್ಥನೆ, ಆಮೇಲೆ ಬೈಬಲಿನ ಒಂದು ಅಧ್ಯಾಯದ ಮೇಲೆ ಸುಮಾರು ಒಂದು ಗಂಟೆಯ ವಿವರಣೆ. ವಿವರಣೆ ಮಾಡಿದವರು ನಿವೃತ್ತ ಉಪಾಧ್ಯಾಯರು. ಉಳಿದವರು ಪುಸ್ತಕ ತೆರೆದು, ಪೆನ್ಸಿಲು ಹಿಡಿದು ಗುರುತು ಹಾಕಿಕೊಳ್ಳುತ್ತಿದ್ದರು. ಮುಗಿದ ಮೇಲೆ ಕುರ್ಚಿಗಳನ್ನು ತಾವೇ ಮಡಿಸಿಟ್ಟರು. ನಮ್ಮ ಧರ್ಮ ಯಾವುದೆಂದು ಯಾರೂ ಕೇಳಲಿಲ್ಲ. ಚಹ ಕೊಟ್ಟು ನಮ್ಮ ಊರಿನ ಗಿರಣಿಗಳ ಸ್ಥಿತಿಯನ್ನು ವಿಚಾರಿಸಿದರು.

ಈ ಪಂಗಡದ ಮೂಲಪುರುಷರು ಉಚಿಮುರಾ ಕಾನ್ಜೋ. 1861ರಲ್ಲಿ ಸಮುರಾಯ್ ಮನೆತನದಲ್ಲಿ ಹುಟ್ಟಿದವರು. ಸಪ್ಪೊರೊ ಕೃಷಿ ಕಾಲೇಜಿನಲ್ಲಿ ಓದುವಾಗ ಕ್ರೈಸ್ತರಾದರು. ಅಲ್ಲಿ ಅವರೂ ಅವರ ಗೆಳೆಯರೂ ಸೇರಿ ಸ್ವತಂತ್ರವಾದ ಪ್ರಾರ್ಥನಾಸಭೆಯೊಂದನ್ನು ಕಟ್ಟಿದರು. ಕಟ್ಟಡಕ್ಕೆ ಅಮೆರಿಕದ ಮೆಥಡಿಸ್ಟ್ ಮಿಷನ್ನಿನಿಂದ ಹಣ ಬಂದಿತ್ತು. ಹುಡುಗರು ಮಿಷನ್ನಿನ ಅಂಕೆಯಲ್ಲಿರಲು ಒಪ್ಪಲಿಲ್ಲವಾದ್ದರಿಂದ ಆ ಹಣ ಸಾಲವಾಗಿ ತಲೆಯ ಮೇಲೆ ಕುಳಿತಿತು. ಬಡ ಹುಡುಗರು ಊಟ ಬಟ್ಟೆಗಳಲ್ಲಿ ಉಳಿಸಿ, 1882ರ ಡಿಸೆಂಬರಿನಲ್ಲಿ ಪೂರ್ತಿ ತೀರಿಸಿದರು. ವ್ಯಾಪಾರಿ ಮಿತ್ರರು ಇದರ ಅರ್ಥವನ್ನು ನಮಗಿಂತ ಚೆನ್ನಾಗಿ ಬಲ್ಲರು: ಸಾಲದ ಬಾಕಿ ಇರುವವರೆಗೆ ಅಂಗಡಿಯ ಬಾಗಿಲಿಗೆ ನಿಮ್ಮ ಹೆಸರು, ಗಲ್ಲಾಪೆಟ್ಟಿಗೆಗೆ ಬೇರೆಯವರ ಹೆಸರು.

ಮುಂದೆ ಅವರು ಅಮೆರಿಕಕ್ಕೆ ಹೋಗಿ ಓದಿ ಬಂದು ಟೋಕಿಯೋದ ಒಂದು ಸರಕಾರಿ ಉನ್ನತ ಶಾಲೆಯಲ್ಲಿ ಉಪಾಧ್ಯಾಯರಾದರು. ಶಿಕ್ಷಣದ ವಿಷಯವಾಗಿ ಚಕ್ರವರ್ತಿ ಹೊರಡಿಸಿದ ಶಾಸನಪತ್ರಕ್ಕೆ ಅಧ್ಯಾಪಕರೂ ವಿದ್ಯಾರ್ಥಿಗಳೂ ಒಬ್ಬೊಬ್ಬರಾಗಿ ಹೋಗಿ ಬಾಗಿ ನಮಿಸಬೇಕೆಂದು 1891ರ ಜನವರಿ 9ರಂದು ಅಪ್ಪಣೆಯಾಯಿತು. ಉಚಿಮುರಾ ಹಿಂಜರಿದು ತಲೆಯನ್ನು ಸ್ವಲ್ಪ ಮಾತ್ರ ಬಾಗಿಸಿದರು. ಅಷ್ಟೇ ಅಪರಾಧ. ರಾಜದ್ರೋಹಿ ಎಂದು ಪತ್ರಿಕೆಗಳು ಕೂಗಿದವು, ಕೆಲಸ ಹೋಯಿತು, ಕಾಯಿಲೆ ಬಿದ್ದರು. ಅದೇ ವರ್ಷ ಹೆಂಡತಿಯೂ ತೀರಿಕೊಂಡರು. ಅನೇಕ ಕ್ರೈಸ್ತರೂ ಅವರ ಪರವಾಗಿ ನಿಲ್ಲಲಿಲ್ಲ. ಚರ್ಚಿಲ್ಲದವನಿಗೂ ಒಂದು ನೆಲೆ ಬೇಕು ಎಂಬ ಯೋಚನೆ ಬಲಿತದ್ದು ಆ ದಿನಗಳ ಒಂಟಿತನದಲ್ಲಿ.

ಈಗ ನಮ್ಮ ಚಳವಳಿಗೆ ಸಂಬಂಧಪಟ್ಟ ಮಾತಿಗೆ ಬರೋಣ. ಆಶಿಯೊ ಎಂಬಲ್ಲಿ ಫುರುಕಾವಾ ಎಂಬ ಸಾಹುಕಾರನ ತಾಮ್ರದ ಗಣಿ ಇತ್ತು. ಅದರ ವಿಷ ವತಾರಾಸೆ ನದಿಗೆ ಸೇರಿ ಕೆಳಗಿನ ಹೊಲಗದ್ದೆಗಳು ಹಾಳಾದವು. ರೈತರ ಪರವಾಗಿ ತನಾಕಾ ಶೋಜೊ ಎಂಬ ಪಾರ್ಲಿಮೆಂಟ್ ಸದಸ್ಯರು ವರ್ಷಗಟ್ಟಲೆ ಹೋರಾಡಿ, 1901ರಲ್ಲಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟು, ಚಕ್ರವರ್ತಿಯ ಗಾಡಿಯ ಮುಂದೆ ಅರ್ಜಿ ಹಿಡಿದು ಓಡಿದರು. ಆ ಅರ್ಜಿಯ ಕರಡು ಬರೆದವರು ಸಮಾಜವಾದಿ ಕೋಟೊಕು ಶೂಸುಯಿ. ಉಚಿಮುರಾ ಅದೇ ವರ್ಷ ಆ ಹಾಳುಬಿದ್ದ ಹಳ್ಳಿಗಳನ್ನು ಸುತ್ತಿ ಪತ್ರಿಕೆಯಲ್ಲಿ ಬರೆದರು. ಕೋಟೊಕು ನಾಸ್ತಿಕರು, ಅವರು ಸಾಮ್ರಾಜ್ಯಶಾಹಿಯನ್ನು ಖಂಡಿಸಿ 1901ರಲ್ಲಿ ಬರೆದ ಪುಸ್ತಕಕ್ಕೆ ಮುನ್ನುಡಿ ಬರೆದವರು ಈ ಉಚಿಮುರಾ!

ಇಬ್ಬರೂ ದುಡಿಯುತ್ತಿದ್ದುದು ‘ಯೊರೊಜು ಚೋಹೊ’ ಎಂಬ ದಿನಪತ್ರಿಕೆಯಲ್ಲಿ. 1903ರಲ್ಲಿ ರಷ್ಯದೊಡನೆ ಯುದ್ಧವಾಗಲಿ ಎಂಬ ಗದ್ದಲ ಎದ್ದಾಗ ಪತ್ರಿಕೆಯ ಮಾಲೀಕ ಯುದ್ಧದ ಕಡೆಗೆ ತಿರುಗಿದ. ಕೋಟೊಕು, ಸಕಾಯ್ ತೋಶಿಹಿಕೊ ಎಂಬ ಇನ್ನೊಬ್ಬ ಸಮಾಜವಾದಿ, ಉಚಿಮುರಾ, ಈ ಮೂವರೂ ಒಟ್ಟಿಗೆ ಕೆಲಸ ಬಿಟ್ಟರು. ಒಬ್ಬರು ದೇವರ ಹೆಸರಿನಲ್ಲಿ, ಇಬ್ಬರು ದುಡಿಯುವವರ ಹೆಸರಿನಲ್ಲಿ. ಹೊರಬಂದ ಬಾಗಿಲು ಒಂದೇ. ಸಮಾಜವಾದಿಗಳು ಆ ನವೆಂಬರಿನಲ್ಲೇ ‘ಹೇಮಿನ್ ಶಿಂಬುನ್’ ಎಂಬ ವಾರಪತ್ರಿಕೆ ತೆಗೆದರು. ‘ಸಾಮಾನ್ಯರ ಪತ್ರಿಕೆ’ ಎಂದು ಅದರ ಅರ್ಥ. ಉಚಿಮುರಾ 1900ರಲ್ಲೇ ಶುರುಮಾಡಿದ್ದ ತಮ್ಮ ಬೈಬಲ್ ಮಾಸಪತ್ರಿಕೆಯ ಚಂದಾದಾರರನ್ನು ನಂಬಿ ಬದುಕಿದರು. ಅವರು ಸಮಾಜವಾದಿಯಲ್ಲ, ನಮ್ಮ ಸಿದ್ಧಾಂತವನ್ನು ಟೀಕಿಸಿದವರು ಎಂಬುದನ್ನೂ ಮುಚ್ಚಿಡುವುದಿಲ್ಲ. 1894ರ ಯುದ್ಧವನ್ನು ಅವರು ನ್ಯಾಯವೆಂದು ಬರೆದಿದ್ದರು. ಅದರ ಫಲವನ್ನು ಕಂಡ ಮೇಲೆ ಮನಸ್ಸು ತಿರುಗಿತು. ತಿರುಗಿದ ಮೇಲೆ ಮತ್ತೆ ಬಾಗಲಿಲ್ಲ.

ಅವರ ಶಿಷ್ಯರದೂ ಇದೇ ಜಾಡು. ಟೋಕಿಯೋ ವಿಶ್ವವಿದ್ಯಾಲಯದ ಪ್ರೊಫೆಸರು ಯಾನೈಹಾರಾ ತದಾವೊ 1937ರಲ್ಲಿ ಚೀನದ ಮೇಲಣ ಯುದ್ಧದ ಕಾಲದಲ್ಲಿ ಸರಕಾರದ ನೀತಿಯನ್ನು ಟೀಕಿಸಿ ಲೇಖನ ಬರೆದು, ಆ ಡಿಸೆಂಬರಿನಲ್ಲಿ ಕೆಲಸ ಬಿಡಬೇಕಾಯಿತು. ಯುದ್ಧಕಾಲದಲ್ಲಿ ಸಣ್ಣ ಪತ್ರಿಕೆ ನಡೆಸಿಕೊಂಡು ಭಾನುವಾರದ ಕೂಟವನ್ನು ಬಿಡಲಿಲ್ಲ. 1951ರಲ್ಲಿ ಅದೇ ವಿಶ್ವವಿದ್ಯಾಲಯಕ್ಕೆ ಅಧ್ಯಕ್ಷರಾದರು. ಕೊರಿಯ ಆಗ ಜಪಾನಿನ ಗುಲಾಮ ದೇಶ. ಅಲ್ಲಿಂದ ಬಂದು ಉಚಿಮುರಾ ಬಳಿ ಕಲಿತ ಕಿಮ್ ಕ್ಯೋಶಿನ್ ಎಂಬ ಉಪಾಧ್ಯಾಯರು ಸ್ವದೇಶದಲ್ಲಿ ನಡೆಸಿದ ಪತ್ರಿಕೆಯನ್ನು ಜಪಾನೀ ಸರಕಾರ 1942ರಲ್ಲಿ ಮುಚ್ಚಿ, ಅವರನ್ನು ಸೆರೆಗೆ ಹಾಕಿತು. ಬಿಡುಗಡೆಯಾದ ಮೇಲೆ ಆತ ಎಲ್ಲಿಗೆ ಹೋದರು? ಹಂಗ್ನಮ್ ಊರಿನ ಗೊಬ್ಬರದ ಕಾರ್ಖಾನೆಗೆ. ಅಲ್ಲಿ ಕೊರಿಯದ ಕೂಲಿಗಾರರ ಕೇರಿಯಲ್ಲಿದ್ದು ಅವರ ಯೋಗಕ್ಷೇಮ ನೋಡಿಕೊಳ್ಳುತ್ತ, 1945ರ ಏಪ್ರಿಲಿನಲ್ಲಿ ವಿಷಮ ಜ್ವರದಿಂದ ತೀರಿಕೊಂಡರು. ದೇಶ ಬಿಡುಗಡೆಯಾದದ್ದು ಆಗಸ್ಟಿನಲ್ಲಿ.

ಸಂಗಾತಿಗಳೇ, ಈ ಜನ ಯಾವ ಬಲದಿಂದ ನಿಂತರು? ಹಿಂದೆ ಸಂಸ್ಥೆಯಿಲ್ಲ, ನಿಧಿಯಿಲ್ಲ, ವಕೀಲರಿಲ್ಲ. ತಾನು ನಂಬಿದ್ದನ್ನು ತಾನೇ ಓದಿ, ತಾನೇ ತೂಗಿ ನೋಡಿದ್ದರಿಂದ ನಿಂತರು. ಮತ್ತೊಬ್ಬರ ಬಾಯಿಂದ ಕೇಳಿ ನಂಬಿದವನು ಆ ಬಾಯಿ ಮುಚ್ಚಿದ ದಿನ ಕುಸಿಯುತ್ತಾನೆ. ನಮ್ಮಲ್ಲಿಯೂ ಪಕ್ಷವೆಂದರೆ ಕಾರ್ಯಾಲಯದ ಬೋರ್ಡು, ಸಂಘವೆಂದರೆ ಕಾರ್ಯದರ್ಶಿ ಎಂದು ತಿಳಿದವರಿದ್ದಾರೆ. “ನಾಯಕರು ಬರಲಿ, ಆಮೇಲೆ ನೋಡೋಣ” ಎನ್ನುವುದು ಪಾದ್ರಿಯಿಲ್ಲದೆ ಪ್ರಾರ್ಥನೆಯಿಲ್ಲ ಎಂದಂತೆಯೇ ಅಲ್ಲವೇ?

ಹಾಗೆಂದು ಸಂಘವನ್ನು ಮುರಿದು ಒಬ್ಬೊಬ್ಬರೇ ನಿಲ್ಲೋಣ ಎಂದು ನಾವು ಹೇಳುತ್ತಿಲ್ಲ. ಆ ದಾರಿಯ ಸೋಲನ್ನೂ ಕಂಡು ಬಂದಿದ್ದೇವೆ. 1903ರಲ್ಲಿ ಹನಾಮಾಕಿ ಊರಿನ ಸೈತೊ ಸೋಜಿರೊ ಎಂಬ ಯುವಕ ಉಪಾಧ್ಯಾಯರು ಸೈನ್ಯಕ್ಕೆ ಸೇರುವುದಿಲ್ಲ, ಯುದ್ಧದ ತೆರಿಗೆ ಕೊಡುವುದಿಲ್ಲ ಎಂದು ಹೊರಟಾಗ, ಉಚಿಮುರಾ ಅವರೇ ಊರಿಗೆ ಹೋಗಿ ಬೇಡವೆಂದು ಒಡಂಬಡಿಸಿದರು. ಒಂಟಿ ಮನುಷ್ಯನಿಗೆ ಆಗುವ ಗತಿಯನ್ನು ಅವರು ಬಲ್ಲವರು. ಸೈತೊ ಕೊನೆಗೆ ಮೇಷ್ಟರ ಕೆಲಸ ಕಳೆದುಕೊಂಡು ಬಹುಕಾಲ ಮನೆಮನೆಗೆ ಪತ್ರಿಕೆ ಹಂಚಿ ಜೀವಿಸಿದರು. ಯುದ್ಧ ಮಾತ್ರ ನಿಲ್ಲಲಿಲ್ಲ; 1904ರಲ್ಲಿ ನಡೆದೇಹೋಯಿತು. ಇನ್ನೊಂದು ಮಾತು. ಇವರ ಕೂಟಗಳು ಒಬ್ಬ ಗುರುವಿನ ಸುತ್ತ ಬೆಳೆದು, ಗುರು ತೀರಿದ ಮೇಲೆ ಬಹುಮಟ್ಟಿಗೆ ಚದುರುತ್ತವೆ. 1930ರಲ್ಲಿ ಉಚಿಮುರಾ ತೀರಿದಾಗ ಅವರ ಪತ್ರಿಕೆಯೂ ನಿಂತಿತು, ಕೂಟವೂ ವಿಸರ್ಜನೆಯಾಯಿತು. ಚರ್ಚು ಬೇಡವೆಂದವರಿಗೆ ಗುರುವಿನ ಹಂಗು ತಪ್ಪಲಿಲ್ಲ. ಇಂದು ಹೊಸಬರು ಕಡಿಮೆ. ಬೋನಸ್ಸಿನ ಲೆಕ್ಕ, ವಜಾ ಆದವನ ಮೊಕದ್ದಮೆ, ಸಂತೆಯ ಸುಂಕದ ಜಗಳ ಇವು ಹೀಗೆ ಚದುರುವ ಕೂಟದಿಂದ ನಡೆಯುವ ಕೆಲಸಗಳಲ್ಲ. ಅವಕ್ಕೆ ಸಂಘ ಬೇಕು, ರಸೀದಿ ಪುಸ್ತಕ ಬೇಕು, ಒಬ್ಬ ಜೈಲಿಗೆ ಹೋದರೆ ಅವನ ಜಾಗಕ್ಕೆ ಇನ್ನೊಬ್ಬ ಬೇಕು.

ಆದ್ದರಿಂದ ನಾವು ಹೇಳುವುದು ಇಷ್ಟು. ಸಂಘ ಗಟ್ಟಿಯಾಗಿರಲಿ, ಆದರೆ ಅದರೊಳಗಿನ ಪ್ರತಿಯೊಬ್ಬನೂ, ನಾಳೆ ಕಾರ್ಯಾಲಯಕ್ಕೆ ಬೀಗ ಬಿದ್ದರೂ ತನ್ನ ಕಾಲ ಮೇಲೆ ನಿಲ್ಲುವಂಥವನಾಗಿರಲಿ. ಅದಕ್ಕೆ ಮೂರು ಸಲಹೆಗಳನ್ನು ಕೂಟದ ಮುಂದಿಡುತ್ತೇವೆ. ಒಂದು, ಮುಂದಿನ ಭಾನುವಾರದಿಂದ ಇಲ್ಲಿ ಭಾಷಣ ಮಾಡುವವರು ಸರದಿಯ ಮೇಲೆ ನೀವೇ. ಗಿರಣಿಯವರು ಒಂದು ವಾರ, ಅಂಗಡಿಯವರು ಒಂದು ವಾರ. ಎರಡು, ಓದು ಬಾರದವರ ಪಕ್ಕದಲ್ಲಿ ಬಲ್ಲವರೊಬ್ಬರು ಕುಳಿತು ಈ ಪತ್ರಿಕೆಯನ್ನು ಓದಿ ಹೇಳಬೇಕು. ಆರು ತಿಂಗಳಲ್ಲಿ ಅವರೇ ಓದುವಂತಾಗಬೇಕು. ಮೂರು, ಈ ಕೋಣೆಯ ಬಾಡಿಗೆ ನಮ್ಮ ವರ್ಗಣಿಯಿಂದಲೇ ಸಲ್ಲಬೇಕು. ಚುನಾವಣೆಯ ಕಾಲದಲ್ಲಿ ದೊಡ್ಡ ಮನುಷ್ಯರು ಕಳುಹಿಸುವ ಹಣದಿಂದ ಒಂದು ತಿಂಗಳೂ ಬೇಡ.

ದೇವರನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ನಂಬಿದ್ದಕ್ಕೆ ಬೆಲೆ ತೆರುವುದು ಮಾತ್ರ ಎಲ್ಲರಿಗೂ ಸೇರಿದ್ದು. ಮೊದಲ ವಾರ ಮಾತನಾಡಲು ಯಾರು ಸಿದ್ಧರೋ ಅವರು ಈಗಲೇ ಹೆಸರು ಬರೆಸಬೇಕೆಂದು ಕೋರುತ್ತೇವೆ.